ಯಾವ ಬ್ರೆಡ್ ಯಾರಿಗೆ?

ದೋಸೆ ಹಿಟ್ಟಿನ ಹಾಗೆ ತಾನಾಗಿ ಹುಳಿ ಬಂದ ಹಿಟ್ಟಿನ ಬ್ರೆಡ್ಡೇ ಸೌರ್‌ಡೋ. ಬಿಳಿ ಬ್ರೆಡ್ಡಿಗಿಂತ ಇದು ಒಳ್ಳೆಯದಾ?

ಇಸ್ರೇಲಿನ ವೈಜ್‌ಮನ್ ಸಂಸ್ಥೆ ಜನರಿಗೆ ತಿನ್ನಿಸಿಯೇ ನೋಡಿತು. 20 ಆರೋಗ್ಯವಂತರು ತಾವಾಗಿಯೇ ಮುಂದೆ ಬಂದರು. ಒಂದು ವಾರ ಇಡೀ ಗೋಧಿಯ ಸೌರ್‌ಡೋ, ಎರಡು ವಾರ ಬಿಡುವು, ಆಮೇಲೆ ಒಂದು ವಾರ ಬಿಳಿ ಬ್ರೆಡ್. ಅರ್ಧದಷ್ಟು ಜನರಿಗೆ ಬಿಳಿಯದೇ ಮೊದಲು. ಜೊತೆಗೆ ರಕ್ತ ಕೊಟ್ಟರು, ಮಲದ ಮಾದರಿಯನ್ನೂ ಕೊಟ್ಟರು.

2017ರಲ್ಲಿ ಫಲಿತಾಂಶ ಬಂತು. ಸರಾಸರಿ ನೋಡಿದರೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ! ಒಬ್ಬೊಬ್ಬರನ್ನೇ ನೋಡಿದಾಗ ಮಾತ್ರ ಕೆಲವರಿಗೆ ಬಿಳಿ ಬ್ರೆಡ್ಡಿನಿಂದ ರಕ್ತದ ಸಕ್ಕರೆ ಹೆಚ್ಚು ಏರಿತ್ತು, ಇನ್ನು ಕೆಲವರಿಗೆ ಸೌರ್‌ಡೋದಿಂದಲೇ. ಯಾರಿಗೆ ಯಾವುದು ಅನ್ನುವ ಸುಳಿವು ಅವರವರ ಕರುಳಿನ ಸೂಕ್ಷ್ಮಜೀವಿಗಳಲ್ಲಿತ್ತು.

ಆದರೆ 20 ಜನ ಸಾಲದು. ಇಂಥ ಅಧ್ಯಯನಕ್ಕೆ ಕರೆ ಬಂದರೆ ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ, ಸೇರಿಕೊಳ್ಳಿ. ಬೇಡವೆನಿಸಿದರೆ ನಡುವೆಯೇ ಹೊರಬರುವ ಹಕ್ಕು ನಿಮಗಿದೆ.