ಉಪ್ಪಿನ ರಸ್ತೆಗೆ ಹಳೆಯ ಗಾಡಿ

ಇಂಗ್ಲೆಂಡಿನಲ್ಲಿ ಅಕ್ಟೋಬರ್ ತಿಂಗಳು ಮುಗಿಯುತ್ತ ಬಂದಿತೆಂದರೆ ಅಲ್ಲಿಯ ಗೃಹಸ್ಥರಲ್ಲಿ ಕೆಲವರು ಒಂದು ವಿಚಿತ್ರವಾದ ವ್ಯಾಪಾರಕ್ಕೆ ಕೈಹಾಕುತ್ತಾರೆ. ತಮ್ಮ ಒಳ್ಳೆಯ ಮೋಟಾರಿಗೆ ಹೊದಿಕೆ ಹೊದಿಸಿ ಗಾಡಿಮನೆಯಲ್ಲಿ ನಿಲ್ಲಿಸುತ್ತಾರೆ. ಹದಿನೈದು ವರ್ಷಕ್ಕೆ ಮೇಲ್ಪಟ್ಟು ದುಡಿದ ಚಿಕ್ಕ ಗಾಡಿಯೊಂದನ್ನು ಅಗ್ಗವಾಗಿ ಕೊಂಡು, ತಾವೇ ದುರಸ್ತು ಮಾಡಿಕೊಂಡು, ಮಾರ್ಚಿ ತಿಂಗಳವರೆಗೆ ಅದರಲ್ಲಿಯೇ ಓಡಾಡುತ್ತಾರೆ. ಒಂದಿರುವಾಗ ಇನ್ನೊಂದನ್ನು ಕೊಳ್ಳುವುದು ಮಿತವ್ಯಯವೆಂದು ನಮ್ಮ ವಾಚಕರು ಸುಲಭವಾಗಿ ಒಪ್ಪಲಾರರು. ಆದರೆ ಕಾರಣವನ್ನು ವಿಚಾರಿಸಿದರೆ ಅದರಲ್ಲಿ ಅರ್ಥವಿಲ್ಲದೆ ಇಲ್ಲ. ಆ ಕಾರಣದ ಹೆಸರು ಉಪ್ಪು.

ರಸ್ತೆಯ ಮೇಲೆ ಮಂಜುಗಡ್ಡೆ ಕಟ್ಟದಿರಲೆಂದು ಅಲ್ಲಿಯ ಸ್ಥಳೀಯ ಸಂಸ್ಥೆಗಳು ರಾತ್ರಿಯ ಹೊತ್ತು ಕಲ್ಲುಪ್ಪನ್ನು ಎರಚಿಸುತ್ತವೆ. ಅದು ಸಮುದ್ರದಿಂದ ತೆಗೆದ ಉಪ್ಪಲ್ಲ. ಚೆಶೈರ್ ಪ್ರಾಂತದ ವಿನ್ಸ್‌ಫರ್ಡಿನಲ್ಲಿ 1844ರಲ್ಲಿ ಕಂಡುಬಂದ ಭೂಗರ್ಭದ ನಿಕ್ಷೇಪದಿಂದ ಅಗೆದು ತಂದದ್ದು ಬಹಳಷ್ಟು. ಸುಮಾರು ನೂರು ವರ್ಷಗಳಲ್ಲಿಯೇ ಅತ್ಯಂತ ಕಠಿನವೆನಿಸಿದ ಡಿಸೆಂಬರ್ ತಿಂಗಳೊಂದು 2010ರಲ್ಲಿ ಬಂದಿತು. ಅದೇ ವರ್ಷದ ಆರಂಭದಲ್ಲಿಯೂ ಚಳಿ ಹೆಚ್ಚಾಗಿ ಉಪ್ಪಿನ ದಾಸ್ತಾನು ಸಾಲದೆ, ಬಳಕೆಯನ್ನು ಕಡಿಮೆ ಮಾಡಬೇಕೆಂದು ಸರಕಾರವೇ ಹೇಳಬೇಕಾಯಿತು. ಉಪ್ಪು ಮನುಷ್ಯರ ಪ್ರಾಣವನ್ನು ಉಳಿಸುತ್ತದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಉಕ್ಕಿಗೆ ಅದು ವೈರಿ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ತುಕ್ಕಿನ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ. ಅಲ್ಲದೆ ಉಪ್ಪು ಗಾಳಿಯ ತೇವವನ್ನು ಎಳೆದು ಹಿಡಿದುಕೊಳ್ಳುತ್ತದೆ. ಆದುದರಿಂದ ಗಾಡಿಯ ಹೊಟ್ಟೆಯ ಕೆಳಗಿನ ಕೆಸರು ನೋಡುವುದಕ್ಕೆ ಒಣಗಿದ್ದರೂ ಒಳಗೆ ಒಣಗಿರುವುದಿಲ್ಲ. ಉಪ್ಪು ಮೆತ್ತಿದ ಗಾಡಿಯನ್ನು ಬೆಚ್ಚನೆಯ ಗಾಡಿಮನೆಯಲ್ಲಿ ನಿಲ್ಲಿಸಿದರೆ ಹೊರಗಿನ ಕೊರೆಯುವ ಚಳಿಗಿಂತ ಹೆಚ್ಚು ಹಾನಿಯಾಗುತ್ತದೆ. ಇದನ್ನು ಕೇಳಿ ಮೊದಲು ಯಾರೂ ನಂಬುವುದಿಲ್ಲ.

ಇನ್ನು ಎಂಥ ಗಾಡಿ? ಹಿಂಬದಿಯಲ್ಲಿ ಮೇಲಕ್ಕೆತ್ತುವ ಬಾಗಿಲುಳ್ಳ ಚಿಕ್ಕ ಮೋಟಾರಿಗೆ ಹ್ಯಾಚ್‌ಬ್ಯಾಕ್ ಎಂದು ಹೆಸರು. 1976ರಲ್ಲಿ ಜರ್ಮನರು ಅಂಥ ದೇಹದಲ್ಲಿ 110 ಅಶ್ವಶಕ್ತಿಯ ಯಂತ್ರವನ್ನಿಟ್ಟು ಗಾಲ್ಫ್ ಜಿಟಿಐ ಎಂಬುದನ್ನು ಮಾರಾಟಕ್ಕೆ ತಂದರು. ಆ ಬಗೆಯ ವೇಗದ ಗಾಡಿಗಳಿಗೆ ಇಂಗ್ಲಿಷ್ ಜನರು ‘ಹಾಟ್ ಹ್ಯಾಚ್’ ಎಂದು ಅಡ್ಡಹೆಸರಿಟ್ಟರು. ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ತಕ್ಕಮಟ್ಟಿಗೆ ಚುರುಕಾಗಿದ್ದು ವೆಚ್ಚ ಕಡಿಮೆಯಾದದ್ದು ‘ವಾರ್ಮ್ ಹ್ಯಾಚ್’, ಎಂದರೆ ಉಗುರುಬೆಚ್ಚಗಿನದು. ಒಳಗೆ ಕುಳಿತವರಿಗೆ ಬೆಚ್ಚಗಿರುವುದೆಂಬ ಅರ್ಥವಲ್ಲ. ಬಹುಪಾಲು ಹಳೆಯ ಗಾಡಿಗಳಲ್ಲಿ ಶಾಖಯಂತ್ರವನ್ನು ಮೊದಲು ರಿಪೇರಿ ಮಾಡಬೇಕಾಗುತ್ತದೆ!

ಉದಾಹರಣೆಗೆ 2006ರಿಂದ ಅಲ್ಲಿ ಮಾರಾಟವಾದ ಸುಜುಕಿ ಸ್ವಿಫ್ಟ್ ಸ್ಪೋರ್ಟ್ ಎಂಬುದನ್ನು ತೆಗೆದುಕೊಳ್ಳೋಣ. ಮಾರುತಿ ಸಂಸ್ಥೆಯು 2005ರಲ್ಲಿ ನಮ್ಮಲ್ಲಿ ಮಾರಲಾರಂಭಿಸಿದ ಸ್ವಿಫ್ಟ್ ಗಾಡಿಯನ್ನು ಕಾಣದ ಕನ್ನಡಿಗನಿಲ್ಲ. ಅದರ ಒಡಹುಟ್ಟಿದುದೇ ಇದು, ನಮ್ಮ ಪೇಟೆಗೆ ಮಾತ್ರ ಬರಲಿಲ್ಲ. 1586 ಘನ ಸೆಂಟಿಮೀಟರಿನ ಯಂತ್ರ, 125 ಅಶ್ವಶಕ್ತಿ, ನಾಲ್ಕು ಚಕ್ರಗಳಿಗೂ ಡಿಸ್ಕ್ ಬ್ರೇಕು. ಯಂತ್ರದೊಳಗಿನ ಕಾಲನಿಯಾಮಕಕ್ಕೆ ರಬ್ಬರಿನ ಪಟ್ಟಿಯಿಲ್ಲ, ಸರಪಣಿಯಿದೆ. ಪಟ್ಟಿ ಬದಲಿಸುವ ದೊಡ್ಡ ವೆಚ್ಚ ಉಳಿಯಿತು. ಆದರೆ ಹಿಂದಿನ ಯಜಮಾನ ಎಣ್ಣೆ ಬದಲಿಸದೆ ಓಡಿಸಿದ್ದರೆ ಸರಪಣಿಯೂ ಸಡಿಲಾಗಿ ಗಲಗಲ ಸದ್ದು ಮಾಡುತ್ತದೆ. ಮುಂಜಾನೆ ತಣ್ಣಗಿರುವ ಯಂತ್ರವನ್ನು ತಾನೇ ಚಾಲೂ ಮಾಡಿ ಕಿವಿಗೊಟ್ಟು ಕೇಳದೆ ಯಾರೂ ಹಣ ಕೊಡಕೂಡದು. ಮಾರುವವನು ಗಿರಾಕಿ ಬರುವ ಮುನ್ನವೇ ಯಂತ್ರವನ್ನು ಕಾಯಿಸಿಟ್ಟಿದ್ದರೆ ಅದಕ್ಕೆ ಏನೋ ಕಾರಣವುಂಟೆಂದು ತಿಳಿಯಬೇಕು.

ಇಂಥ ಗಾಡಿ ಒಂದೆರಡು ಸಾವಿರ ಪೌಂಡುಗಳೊಳಗೆ ದೊರೆಯುವುದುಂಟು. ಕೊಳ್ಳುವವನಿಗೆ ಅಲ್ಲಿ ಒಂದು ದೊಡ್ಡ ಅನುಕೂಲವಿದೆ. 1960ರಲ್ಲಿ ಆರಂಭವಾದ ಎಂಒಟಿ ಎಂಬ ಪರೀಕ್ಷೆಗೆ ಮೂರು ವರ್ಷ ಮೀರಿದ ಪ್ರತಿಯೊಂದು ಗಾಡಿಯೂ ವರ್ಷಕ್ಕೊಮ್ಮೆ ಒಳಪಡಬೇಕು. ಮೊದಲು ಹತ್ತು ವರ್ಷದ ಗಾಡಿಗಳಿಗಷ್ಟೇ ಇದ್ದ ಈ ಕಟ್ಟಳೆಯನ್ನು 1967ರಲ್ಲಿ ಮೂರು ವರ್ಷಕ್ಕಿಳಿಸಿದರು. ಪರೀಕ್ಷಕನು ಬರೆದ ದೋಷಗಳ ಇತಿಹಾಸವನ್ನು ಗಾಡಿಯ ಸಂಖ್ಯೆ ತಿಳಿದ ಯಾರಾದರೂ ಸರಕಾರದ ಲೆಕ್ಕದಿಂದ ಪುಕ್ಕಟೆಯಾಗಿ ಓದಬಹುದು. ‘ಬ್ರೇಕಿನ ಕೊಳವೆಗೆ ತುಕ್ಕು’ ಎಂಬ ಎಚ್ಚರಿಕೆಯು ಮೂರು ವರ್ಷ ಒಂದೇ ಸಮನೆ ಬರೆಯಲ್ಪಟ್ಟು, ನಾಲ್ಕನೆಯ ವರ್ಷ ಮಾಯವಾಗಿದ್ದು, ಗಾಡಿಯ ಕೆಳಗೆ ಹೊಸದಾಗಿ ಕರಿಯ ಲೇಪ ಬಳಿದಿದ್ದರೆ, ರೋಗ ವಾಸಿಯಾಯಿತೋ ಮುಚ್ಚಿಡಲ್ಪಟ್ಟಿತೋ ಎಂದು ವಿಚಾರಿಸತಕ್ಕದ್ದು ಕೊಳ್ಳುವವನ ಕರ್ತವ್ಯ.

ರಿಪೇರಿಯ ವಿಷಯಕ್ಕೆ ಬರೋಣ. ತರುಣರು ಗಾಡಿ ಕೊಂಡೊಡನೆ ಮಾಡುವ ಮೊದಲನೆಯ ಕೆಲಸ ಹೊಳೆಯುವ ಚಕ್ರ, ಗದ್ದಲದ ಹೊಗೆಕೊಳವೆ, ತಗ್ಗಿಸಿದ ಸ್ಪ್ರಿಂಗು. ಚಳಿಗಾಲದ ಗಾಡಿಗೆ ಇವು ಮೂರೂ ವ್ಯರ್ಥ. ವಿಮೆಯವರಿಗೆ ತಿಳಿಸದೆ ಮಾಡಿದರೆ ಅಪಾಯವೂ ಹೌದು, ಬದಲಾವಣೆಯನ್ನು ಮುಚ್ಚಿಟ್ಟವನ ಪರಿಹಾರವನ್ನು ವಿಮೆಯವರು ನಿರಾಕರಿಸಬಹುದು. ಜಾಣನು ಮೊದಲು ಗಾಡಿಯ ಕೆಳಗೆ ತೂರುತ್ತಾನೆ. ಜಾಕಿಯೊಂದನ್ನೇ ನಂಬಿ ತೂರಬಾರದು. ಗಟ್ಟಿಯಾದ ಆಧಾರಗಂಬಗಳ ಮೇಲೆ ನಿಲ್ಲಿಸಬೇಕು. ಈ ಎಚ್ಚರವಿಲ್ಲದೆ ಸತ್ತವರುಂಟು.

ಅಲ್ಲಿ ಅವನು ಮೊದಲು ನೋಡತಕ್ಕದ್ದು ಬ್ರೇಕಿನ ಕೊಳವೆಗಳನ್ನು. ಪೆನ್ಸಿಲಿಗಿಂತ ತೆಳುವಾದ ಈ ಉಕ್ಕಿನ ನಾಳಗಳು ಗಾಡಿಯ ಹೊಟ್ಟೆಯುದ್ದಕ್ಕೂ ಹರಿದು, ಹಿಂದಿನ ಚಕ್ರಗಳ ಬಳಿ ಉಪ್ಪಿನ ಕೆಸರಿನಲ್ಲಿಯೇ ಕೊಳೆಯುತ್ತಿರುತ್ತವೆ. ಹಿಡಿಕೆಯ ಕೆಳಗೆ ಅವಿತ ತುಕ್ಕು ಕಣ್ಣಿಗೆ ಬೀಳುವುದಿಲ್ಲ. ಕೊಳೆತ ಕೊಳವೆ ಒಡೆಯುವುದು ಮೆಲ್ಲನೆ ಹೋಗುವಾಗಲ್ಲ. ಎದುರಿಗೆ ಮಗು ಓಡಿಬಂದಿತೆಂದು ಪೆಡಲನ್ನು ಬಲವಾಗಿ ತುಳಿದ ಗಳಿಗೆಯಲ್ಲಿ, ಏಕೆಂದರೆ ಒತ್ತಡ ಅತ್ಯಧಿಕವಾಗುವುದು ಆಗಲೇ. ಎರಡು ಪ್ರತ್ಯೇಕ ಮಾರ್ಗಗಳನ್ನಿಟ್ಟಿರುವುದರಿಂದ ಅರ್ಧ ಬ್ರೇಕು ಉಳಿಯುವುದೇನೋ ನಿಜ. ಮಂಜಿನ ರಸ್ತೆಯಲ್ಲಿ ಅರ್ಧ ಬ್ರೇಕಿನಿಂದ ಎಷ್ಟು ಪ್ರಯೋಜನವೆಂದು ಹೇಳಬೇಕಾದುದಿಲ್ಲ. ಆದುದರಿಂದ ಅನುಮಾನವಿರುವ ಕೊಳವೆಯನ್ನು ತಾಮ್ರ-ನಿಕ್ಕಲು ಮಿಶ್ರಲೋಹದ ಹೊಸ ಕೊಳವೆಯಿಂದ ಬದಲಿಸುವುದು ಲೇಸು; ಅದಕ್ಕೆ ತುಕ್ಕಿನ ಭಯವಿಲ್ಲ, ಬೆಲೆಯೂ ಹೆಚ್ಚಲ್ಲ. ಬ್ರೇಕಿನ ದ್ರವವೂ ತೇವವನ್ನು ಹೀರುವಂಥದು. ಎರಡು ವರ್ಷಕ್ಕೊಮ್ಮೆ ಹೊಸದನ್ನು ತುಂಬಬೇಕು. ಇವುಗಳಲ್ಲಿ ಕೈ ಪಳಗದವನು ಬಲ್ಲವನಿಗೆ ಕೊಟ್ಟು ಮಾಡಿಸುವುದರಲ್ಲಿ ಅವಮಾನವೇನೂ ಇಲ್ಲ.

ಎರಡನೆಯದು ದೇಹದ ತುಕ್ಕು. ಮೇಲಿನ ಬಣ್ಣ ಉಬ್ಬಿದ್ದರೆ ಅದು ಬರಿಯ ಅಂದದ ಮಾತು. ಬಾಗಿಲಿನ ಕೆಳಗಿನ ಪೆಟ್ಟಿಗೆಯಂಥ ತೊಲೆ, ಹಿಂದಿನ ಅಚ್ಚು ಕೂಡುವ ಸ್ಥಳ, ಸ್ಪ್ರಿಂಗಿನ ಆಸರೆ, ಆಸನಪಟ್ಟಿ ಬಿಗಿಯುವ ಜಾಗ — ಇವೇ ಗಾಡಿಯ ಎಲುಬುಗಳು. ಇವುಗಳಿಂದ ಮೂವತ್ತು ಸೆಂಟಿಮೀಟರೊಳಗೆ ಲೋಹವು ಬಲಗುಂದಿದ್ದರೆ ಪರೀಕ್ಷಕನು ತೇರ್ಗಡೆ ಮಾಡುವುದಿಲ್ಲ. ಅಲ್ಲಿ ತೇಪೆ ಹಾಕುವುದಾದರೆ ಸುತ್ತಲೂ ಎಡೆಬಿಡದೆ ಬೆಸೆದಿರಬೇಕು, ಮೇಣ ಮೆತ್ತಿ ಬಣ್ಣ ಬಳಿದರೆ ನಡೆಯದು. ಮೇಲ್ಮೈಯ ತುಕ್ಕಾದರೋ ತಂತಿಯ ಕುಂಚದಿಂದ ಉಜ್ಜಿ, ತುಕ್ಕನ್ನು ಮಾರ್ಪಡಿಸುವ ದ್ರಾವಣ ಹಚ್ಚಿ, ಸತುವಿನ ಬಣ್ಣ ಬಳಿದು, ಪೊಳ್ಳು ಭಾಗಗಳೊಳಗೆ ಮೇಣವನ್ನು ಸಿಂಪಡಿಸಿದರೆ ತಡೆಯುತ್ತದೆ. ಆದರೆ ಒದ್ದೆಯ ಮೇಲೆ ಮೇಣ ಬಳಿಯುವುದು ಕಳ್ಳನನ್ನು ಒಳಗಿಟ್ಟು ಬಾಗಿಲು ಹಾಕಿದಂತೆ. ತೊಲೆಗಳ ಅಡಿಯಲ್ಲಿ ನೀರಿಳಿಯಲೆಂದು ಬಿಟ್ಟ ರಂಧ್ರಗಳು ಮಣ್ಣಿನಿಂದ ಮುಚ್ಚಿರುತ್ತವೆ. ಅವನ್ನು ಬಿಡಿಸುವುದಕ್ಕೆ ಒಂದು ತುಂಡು ತಂತಿ ಸಾಕು, ಅಷ್ಟರಿಂದಲೇ ಗಾಡಿಯ ಆಯುಷ್ಯ ಬೆಳೆಯುತ್ತದೆ.

ಮೂರನೆಯದು ಟೈರು. ಕಾಯಿದೆಯ ಮಾತು 1.6 ಮಿ.ಮೀ. ಆಳವಿದ್ದರೆ ಸಾಕೆಂದು, ಚಳಿಗಾಲಕ್ಕೆ 3 ಮಿ.ಮೀ. ಇರಬೇಕೆಂದು ಬಲ್ಲವರ ಅಭಿಪ್ರಾಯ. ಉಷ್ಣತೆ 7 ಡಿಗ್ರಿಗಿಂತ ಕೆಳಗಿಳಿದರೆ ಬೇಸಗೆಯ ರಬ್ಬರು ಬಿರುಸಾಗಿ ಹಿಡಿತ ತಪ್ಪುತ್ತದೆ. ಮೂರು ಶಿಖರದ ಬೆಟ್ಟದೊಳಗೆ ಹಿಮಕಣದ ಚಿಹ್ನೆಯುಳ್ಳ ಟೈರುಗಳು ಇದಕ್ಕೆಂದೇ ಆದವು. ಬ್ರಿಟನ್ನಿನಲ್ಲಿ ಅವು ಕಡ್ಡಾಯವಲ್ಲ, ಆದರೆ ಅವಕ್ಕೆ ವೆಚ್ಚ ಮಾಡಿದ ಹಣವು ಯಂತ್ರದ ಶಕ್ತಿ ಹೆಚ್ಚಿಸಲು ಸುರಿದ ಹಣಕ್ಕಿಂತ ಎಷ್ಟೋ ಸಾರ್ಥಕ. ಉಳಿದವನ್ನು ಹೆಚ್ಚು ಬೆಳೆಸಬೇಕಾದುದಿಲ್ಲ: ಅರ್ಧಕ್ಕರ್ಧ ಹೆಪ್ಪುನಿರೋಧಕ ಬೆರೆಸಿದ ತಣಿನೀರು, ಗಟ್ಟಿ ಬ್ಯಾಟರಿ, ಶುಭ್ರವಾದ ದೀಪದ ಗಾಜು. ನೆಲಗಂಬಳಿ ತೇವವಾಗಿದ್ದರೆ ಮಾತ್ರ ನೀರು ಎಲ್ಲಿಂದ ಸೋರುತ್ತಿದೆಯೆಂದು ಹುಡುಕಬೇಕು. ಇಲ್ಲವಾದರೆ ಆ ತೇವವೇ ರಾತ್ರಿ ಗಾಜಿನ ಒಳಮೈಯಲ್ಲಿ ಹೆಪ್ಪುಗಟ್ಟುತ್ತದೆ.

ಲೆಕ್ಕವನ್ನೂ ನೋಡಬೇಕಷ್ಟೆ. 2014ರ ಅಕ್ಟೋಬರ್ 1ರಿಂದ ಹಳೆಯ ಯಜಮಾನ ಕಟ್ಟಿದ ರಸ್ತೆತೆರಿಗೆ ಹೊಸಬನಿಗೆ ಸಲ್ಲುವುದಿಲ್ಲ. ಕೊಂಡ ದಿನವೇ ಕಟ್ಟಬೇಕು. ಆದರೆ ಒಳ್ಳೆಯ ಗಾಡಿಯು ರಸ್ತೆಗಿಳಿಯುವುದಿಲ್ಲವೆಂದು ಸರಕಾರಕ್ಕೆ ಬರೆದುಕೊಟ್ಟರೆ ಅದರ ಉಳಿದ ಪೂರ್ಣ ತಿಂಗಳುಗಳ ತೆರಿಗೆ ಹಿಂದಕ್ಕೆ ಬರುತ್ತದೆ. ಅಲ್ಲಿಗೆ ಹೊಸದಾಗಿ ಹೋದ ನಮ್ಮ ವೈದ್ಯರೂ ಎಂಜಿನಿಯರರೂ ಈ ನಾಡಿನ ಪರವಾನಗಿಯ ಮೇಲೆ ಹನ್ನೆರಡು ತಿಂಗಳು ಗಾಡಿ ನಡೆಸಬಹುದು. ಅಂಥವರು ಬೆಲೆಯ ಅಗ್ಗಕ್ಕೆ ಮರುಳಾಗದೆ ಮೊದಲು ವಿಮೆಯ ದರ ಕೇಳುವುದೊಳ್ಳೆಯದು. ಚುರುಕಿನ ಗಾಡಿಗೆ, ಹೊಸ ಚಾಲಕನಿಗೆ, ಅದು ಗಾಡಿಯ ಬೆಲೆಯನ್ನೇ ಮೀರಬಹುದು.

ಈ ಎಲ್ಲದರಲ್ಲಿ ನಮಗೆ ಮುಖ್ಯವೆಂದು ತೋರುವ ವಿಷಯ ಬೇರೊಂದಿದೆ. ಬ್ರಿಟನ್ನಿನಲ್ಲಿ ಗಾಡಿಯ ವಯಸ್ಸನ್ನು ಯಾರೂ ಕೇಳುವುದಿಲ್ಲ. ಅದರ ಆರೋಗ್ಯವನ್ನು ವರ್ಷವರ್ಷವೂ ಕೇಳುತ್ತಾರೆ. ನಮ್ಮಲ್ಲಿ ಸ್ವಂತ ಉಪಯೋಗದ ಗಾಡಿಗೆ ಹದಿನೈದು ವರ್ಷ ನೋಂದಣಿ. ಆ ತನಕ ಅದರ ಬ್ರೇಕನ್ನು ತಪಾಸಣೆ ಮಾಡತಕ್ಕ ಕಡ್ಡಾಯವಿಲ್ಲ. ದೆಹಲಿಯಲ್ಲಾದರೋ 2015ರಲ್ಲಿ ಹಸುರು ನ್ಯಾಯಾಧಿಕರಣವು ಡೀಸೆಲಿಗೆ ಹತ್ತು, ಪೆಟ್ರೋಲಿಗೆ ಹದಿನೈದು ವರ್ಷವೆಂದು ವಯಸ್ಸನ್ನೇ ಅಳತೆಗೋಲಾಗಿ ಹಿಡಿಯಿತು. ಗಾಳಿಯ ಮಾಲಿನ್ಯ ಅಲ್ಲಿ ಘೋರವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೂ ಜೋಪಾನವಾಗಿಟ್ಟ ಹದಿನಾರು ವರ್ಷದ ಗಾಡಿಯನ್ನು ಗುಜರಿಗೆ ನೂಕಿ, ಏಳು ವರ್ಷದ ಕೊಳೆತ ಗಾಡಿಯನ್ನು ಪರೀಕ್ಷೆಯಿಲ್ಲದೆ ಬೀದಿಗೆ ಬಿಡುವ ಏರ್ಪಾಡು ವಿವೇಕದ್ದೆಂದು ಹೇಳಲಾರೆವು. ಪ್ರಾಮಾಣಿಕವಾದ ವಾರ್ಷಿಕ ಪರೀಕ್ಷೆ, ಅದರ ಫಲಿತಾಂಶ ಸರ್ವರಿಗೂ ಕಾಣುವಂತೆ ತೆರೆದಿಡುವುದು — ಇವೆರಡನ್ನು ಅಲ್ಲಿಂದ ಎರವಲು ತರಲು ನಮ್ಮ ಅಧಿಕಾರಿಗಳಿಗೆ ಅಡ್ಡಿಯೇನೆಂಬುದನ್ನು ಅವರೇ ಹೇಳಬೇಕು.

ಮಾರ್ಚಿ ಕಳೆದು ಮಳೆ ಬಂದು ರಸ್ತೆಯ ಉಪ್ಪು ತೊಳೆದುಹೋದ ಮೇಲೆ, ಅಲ್ಲಿಯ ಗೃಹಸ್ಥನು ಚಳಿಗಾಲದ ಗಾಡಿಯ ಹೊಟ್ಟೆಗೆ ನೀರು ಹಾಯಿಸಿ, ಮಣ್ಣು ಕೆರೆದು, ಮೇಣ ಹೋದೆಡೆಯಲ್ಲಿ ಮತ್ತೆ ಬಳಿಯುತ್ತಾನೆ. ಕೆಲವರು ಆ ವಾರವೇ ಮಾರಿಬಿಡುತ್ತಾರೆ. ಬದಲಿಸಿದ ಕೊಳವೆಗಳ ರಸೀತಿಗಳನ್ನು ಜೊತೆಗಿಟ್ಟಿದ್ದರೆ ಹಾಕಿದ ಹಣದ ಬಹುಭಾಗ ಹಿಂದಕ್ಕೆ ಬರುವುದೂ ಉಂಟು. ಮತ್ತೆ ಕೆಲವರಿಗೆ ಆರು ತಿಂಗಳಲ್ಲಿ ಆ ಹಳೆಯ ಗಾಡಿಯ ಮೇಲೆಯೇ ಮಮತೆ ಹುಟ್ಟಿ, ಒಳ್ಳೆಯ ಗಾಡಿ ಹೊದಿಕೆಯೊಳಗೆ ಮೇ ತಿಂಗಳವರೆಗೂ ಉಳಿದುಬಿಡುತ್ತದೆ.