ವೈದ್ಯರಲ್ಲಿ ಮುಚ್ಚಿಡದಿರೋಣ

ಎದೆನೋವೆಂದು ಆಸ್ಪತ್ರೆ ಸೇರಿದ ಹಿರಿಯರನ್ನು "ಬೀಡಿ ಸೇದುತ್ತೀರಾ?" ಎಂದು ವೈದ್ಯರು ಕೇಳಿದಾಗ, ಮನೆಯವರಾದ ನಾವೇ ಮರ್ಯಾದೆಗೆ ಅಂಜಿ "ಇಲ್ಲ" ಎಂದುಬಿಡುತ್ತೇವೆ. ಆ ಒಂದು ಸುಳ್ಳು ರೋಗಿಗೆ ದೊರೆಯಬೇಕಾದ ಮುಖ್ಯ ನೆರವನ್ನೇ ತಪ್ಪಿಸುತ್ತದೆ.

ಧೂಮಪಾನದ ಚಟ ಬರಿಯ ಮನೋದೌರ್ಬಲ್ಯವಲ್ಲ. ನಿಕೋಟಿನ್ ಮೆದುಳನ್ನು ತನ್ನ ಅಧೀನ ಮಾಡಿಕೊಂಡಿರುತ್ತದೆ. ಆದುದರಿಂದಲೇ ಪ್ರತಿ ರೋಗಿಯನ್ನೂ ವಿಚಾರಿಸುವುದು, ಬಿಡಲು ಸಲಹೆ ನೀಡುವುದು, ಅವನ ಸಿದ್ಧತೆಯನ್ನು ಅರಿಯುವುದು, ನೆರವಾಗುವುದು, ಮುಂದೆಯೂ ಸಂಪರ್ಕದಲ್ಲಿರುವುದು ಎಂಬ ಐದು ಕ್ರಮಗಳನ್ನು ವಿಶ್ವ ಆರೋಗ್ಯ ಸಂಸ್ಥೆಯು ವೈದ್ಯರಿಗೂ ದಾದಿಯರಿಗೂ ಸೂಚಿಸಿದೆ. ಇದಕ್ಕೆ ಮೂರರಿಂದ ಐದು ನಿಮಿಷ ಸಾಕು.

ಆಸ್ಪತ್ರೆಯಲ್ಲಿರುವ ದಿನಗಳೇ ಬಿಡಲು ಸುಸಮಯ. 2003ರ ಕಾನೂನಿನಂತೆ ಅಲ್ಲಿ ಧೂಮಪಾನ ನಿಷಿದ್ಧ. ಮೊದಲ ಕೆಲವು ವಾರ ಸಿಡುಕು, ನಿದ್ರಾಭಂಗ ಸಹಜ. ಅದನ್ನು ಕಂಡು ಮರುಗಿ ದಿಂಬಿನಡಿ ಬೀಡಿಕಟ್ಟು ತಂದಿಡುವುದು ಪ್ರೀತಿಯಲ್ಲ. ನಿಕೋಟಿನ್ ಗಮ್ ಮೊದಲಾದ ಔಷಧಗಳನ್ನು ಕುರಿತು ವೈದ್ಯರನ್ನೇ ಕೇಳಬೇಕು.

ಮನೆಗೆ ಮರಳಿದ ಮೇಲೆ 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ. ಬಿಟ್ಟ ಒಂದು ವರ್ಷದೊಳಗೆ ಹೃದ್ರೋಗದ ಅಪಾಯವು ಸೇದುವವರಿಗಿರುವ ಅಪಾಯದ ಸುಮಾರು ಅರ್ಧಕ್ಕಿಳಿಯುತ್ತದೆ.

ನಡುವೆ ಹಿರಿಯರು ಎಡವಿ ಮತ್ತೆ ಸೇದಿದರೆ ಹಂಗಿಸದಿರೋಣ; ಮತ್ತೊಮ್ಮೆ ಬಿಡಲು ಧೈರ್ಯ ತುಂಬೋಣ.