ಅರ್ಧ ದಿನದ ಬಾದಾಮಿ, ಹತ್ತು ಸಾಲಿನ ಬಂಡೆ

ಹಡಗಿನಲ್ಲಿ ಲೋಕ ಸುತ್ತುವವರಿಗೂ ಐಷಾರಾಮಿ ರೈಲಿನಲ್ಲಿ ನಾಡು ಸುತ್ತುವವರಿಗೂ ಇರುವ ಕೊರತೆ ಒಂದೇ, ಅದು ಹೊತ್ತಿನದು. ಮಂಗಳೂರಿನ ಪಣಂಬೂರು ಬಂದರಿಗೆ ಬೆಳಿಗ್ಗೆ ಬಂದು ಸಂಜೆ ಲಂಗರು ಎತ್ತುವ ವಿಹಾರದ ಹಡಗುಗಳ ಪ್ರಯಾಣಿಕರು ಕದ್ರಿಯ ದೇವಸ್ಥಾನವೋ ಮೂಡುಬಿದಿರೆಯ ಸಾವಿರ ಕಂಬದ ಬಸದಿಯೋ ಕಾರ್ಕಳದ ಗೊಮ್ಮಟನೋ ಎಂದು ಲೆಕ್ಕ ಹಾಕುವಂತೆಯೇ, ಕಡಲಿಲ್ಲದ ಬಾಗಲಕೋಟೆ ಜಿಲ್ಲೆಗೆ ‘ಸುವರ್ಣ ರಥ’ ರೈಲಿನಲ್ಲಿ ಬಂದಿಳಿಯುವವರೂ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ಒಂದೇ ಹಗಲಿನೊಳಗೆ ಹೇಗೆ ಹೊಂದಿಸಬೇಕೆಂಬ ಪ್ರಶ್ನೆಯನ್ನು ಎದುರಿಸುತ್ತಾರೆ. ಹಂಪಿಯ ಕಲ್ಲಿನ ರಥದಿಂದ ಹೆಸರು ಪಡೆದು 2008ರಲ್ಲಿ ಹಳಿಗೆ ಬಂದ ಈ ರೈಲಿನ ಬೋಗಿಗಳಿಗೆ ಕದಂಬ, ಗಂಗ, ರಾಷ್ಟ್ರಕೂಟ, ಹೊಯ್ಸಳ ಮೊದಲಾದ ಅರಸು ಮನೆತನಗಳ ಹೆಸರುಗಳನ್ನು ಇಡಲಾಗಿದ್ದು, ಅವುಗಳಲ್ಲಿ ಚಾಲುಕ್ಯರದೂ ಒಂದು. ಚಾಲುಕ್ಯರ ಹೆಸರಿನ ಬೋಗಿಯಲ್ಲಿ ರಾತ್ರಿ ಮಲಗಿ ಬಂದವರಿಗೆ ಚಾಲುಕ್ಯರ ರಾಜಧಾನಿಯಲ್ಲಿ ದೊರೆಯುವುದು ಮಾತ್ರ ಕೆಲವೇ ಗಂಟೆಗಳು. ಬೆಂಗಳೂರು, ಹುಬ್ಬಳ್ಳಿಗಳಿಂದ ಸ್ವಂತ ಕಾರಿನಲ್ಲಿ ಬಂದು ರಾತ್ರಿಯೊಳಗೆ ಊರು ಸೇರಬೇಕೆನ್ನುವ ಕುಟುಂಬಗಳ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ.

ಲೆಕ್ಕ ನೋಡಿದರೆ ಮೂರೂ ಊರುಗಳು ಹತ್ತಿರವೇ ಇವೆ. ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿ.ಮೀ., ಅಲ್ಲಿಂದ ಹುನಗುಂದ ತಾಲ್ಲೂಕಿನ ಐಹೊಳೆಗೆ ಅದಕ್ಕಿಂತ ಕಡಿಮೆ, ಮೂರನ್ನೂ ಮುಟ್ಟಿ ಮರಳಿ ಬಾದಾಮಿ ಸೇರಿದರೆ ಸುಮಾರು 70 ಕಿ.ಮೀ. ಆಗುತ್ತದೆ. ಆದರೆ ಈ ದಾರಿಯ ಹೆಚ್ಚಿನ ಪಾಲು ಜೋಳದ ಹೊಲಗಳ ನಡುವಿನ ಕಿರಿದಾದ ರಸ್ತೆಯಾಗಿದ್ದು, ಬಸ್ಸು ಹತ್ತಿ ಇಳಿಯುವ ಹೊತ್ತು, ಟಿಕೆಟಿನ ಸಾಲು, ಊಟ ಇವೆಲ್ಲವನ್ನೂ ಸೇರಿಸಿದರೆ ಮೂರು ಊರಿನ ಕಾರ್ಯಕ್ರಮದಲ್ಲಿ ಕಲ್ಲಿನ ಎದುರು ನಿಲ್ಲಲು ಉಳಿಯುವ ಹೊತ್ತು ತೀರ ಕಡಿಮೆ. ಗುಡಿಯೊಂದಕ್ಕೆ ಹತ್ತು ನಿಮಿಷದಂತೆ ಹಂಚಿಕೊಂಡು ನೋಡಿದವರ ನೆನಪಿನಲ್ಲಿ ಸಂಜೆಯ ಹೊತ್ತಿಗೆ ವಿರೂಪಾಕ್ಷ, ಮಲ್ಲಿಕಾರ್ಜುನ, ಸಂಗಮೇಶ್ವರ, ಗಳಗನಾಥಗಳು ಒಂದರೊಳಗೊಂದು ಬೆರೆತುಹೋಗಿರುತ್ತವೆ. ಆದುದರಿಂದ ಒಂದೇ ಹಗಲು ಕೈಯಲ್ಲಿರುವವರು ಬಾದಾಮಿಯೊಂದನ್ನೇ ಆರಿಸಿಕೊಂಡು, ಅದರೊಳಗೂ ಎರಡು ತಾಣಗಳಿಗೆ ಹೆಚ್ಚಿನ ಹೊತ್ತು ಕೊಡುವುದು ಒಳ್ಳೆಯದೆಂಬುದು ಈ ಲೇಖನದ ಖಚಿತ ನಿಲುವು.

ಮೊದಲ ತಾಣ ದಕ್ಷಿಣ ಗುಡ್ಡದ ಮೂರನೆಯ ಗುಹೆ. ವಾತಾಪಿಯನ್ನು, ಎಂದರೆ ಇಂದಿನ ಬಾದಾಮಿಯನ್ನು, ಒಂದನೆಯ ಪುಲಕೇಶಿ ಕೋಟೆ ಕಟ್ಟಿ ರಾಜಧಾನಿಯಾಗಿಸಿದ್ದನ್ನು ಉತ್ತರ ಗುಡ್ಡದ ಬಂಡೆಯ ಮೇಲಿನ ಶಕ 465ರ, ಎಂದರೆ ಕ್ರಿ.ಶ. 543ರ, ಶಾಸನ ತಿಳಿಸುತ್ತದೆ. ಅವನ ಮಗ ಕೀರ್ತಿವರ್ಮನ ಆಳ್ವಿಕೆಯಲ್ಲಿ, ತಮ್ಮ ಮಂಗಲೇಶನ ಕೈಯಿಂದ 578ರಲ್ಲಿ ಪೂರ್ಣಗೊಂಡ ಈ ಗುಹೆ ಇಲ್ಲಿನ ನಾಲ್ಕು ಗುಹೆಗಳಲ್ಲಿ ಅತ್ಯಂತ ದೊಡ್ಡದು. ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನನ್ನು ಎಲ್ಲರೂ ನೋಡುತ್ತಾರೆ, ನೋಡಲೇಬೇಕು ಕೂಡ. ಆದರೆ ಮೂರನೆಯದರಲ್ಲಿ ಸುತ್ತಿಕೊಂಡ ಹಾವಿನ ಮೇಲೆ ರಾಜನಂತೆ ಕುಳಿತ ವಿಷ್ಣು, ತೋಳನ್ನು ಗದೆಯ ಮೇಲೆ ನಿರಾಳವಾಗಿ ಊರಿ ನಿಂತ ನರಸಿಂಹ, ಮರದ ಕೆಳಗೆ ನಿಂತ ಜೋಡಿಗಳನ್ನು ಹೊತ್ತ ಕಂಬದ ಬೋದಿಗೆಗಳು, ಚಾವಣಿಯ ಅಂಚಿನಲ್ಲಿ ಅಳಿದುಳಿದ ಬಣ್ಣದ ಚಿತ್ರಗಳು ಒಂದೇ ಸೂರಿನಡಿ ಸಿಗುತ್ತವೆ. ಗುಹೆಗಳೆಲ್ಲ ಉತ್ತರಕ್ಕೆ ಮುಖಮಾಡಿರುವುದರಿಂದ ಒಳಗೆ ನೇರ ಬಿಸಿಲು ಬೀಳದೆ, ಅಂಗಳದ ಕೆಂಪು ಮರಳುಗಲ್ಲಿನಿಂದ ಚಿಮ್ಮಿದ ಬೆಳಕೇ ಶಿಲ್ಪಗಳ ಮೇಲೆ ಹರಡುತ್ತದೆ. ಹೊರಗಿನ ಹೊಳಪಿಗೆ ಒಗ್ಗಿದ ಕಣ್ಣಿಗೆ ಈ ಮೃದು ಬೆಳಕು ದಕ್ಕಲು ಐದಾರು ನಿಮಿಷ ಬೇಕಾಗುತ್ತದೆ, ಬಂದ ಕೂಡಲೇ ಹೊರಡುವವರು ಕಳೆದುಕೊಳ್ಳುವುದು ಈ ಐದಾರು ನಿಮಿಷಗಳ ಆಚೆ ತೆರೆದುಕೊಳ್ಳುವ ಗುಹೆಯನ್ನೇ.

ಈ ಗುಹೆಯನ್ನು ಸಂಸ್ಕೃತ ಶಾಸನ ಮಹಾವಿಷ್ಣುಗೃಹವೆಂದು ಕರೆದರೆ, ಬಳಿಯಲ್ಲೇ ಇರುವ ಮಂಗಲೇಶನ ಪುಟ್ಟ ಕನ್ನಡ ಶಾಸನ ಅದನ್ನು ಕಲ್ಮನೆ, ಎಂದರೆ ಕಲ್ಲಿನ ಮನೆ, ಎಂಬ ಮಾತಿನಿಂದ ಗುರುತಿಸುತ್ತದೆ. ಸಂಸ್ಕೃತದಲ್ಲಿ ಗೃಹವೆಂದದ್ದು ಕನ್ನಡದಲ್ಲಿ ಮನೆಯಾಯಿತೆಂಬ ಈ ಸಂಗತಿ, ಬಂಡೆಯನ್ನು ಕೊರೆದವರಿಗೂ ಅದರ ನೆರಳಿನಲ್ಲಿ ಬಾಳಿದವರಿಗೂ ಇದ್ದ ಸಲುಗೆಯನ್ನು ಒಂದೇ ಪದದಲ್ಲಿ ಹಿಡಿದುಕೊಟ್ಟಿದೆ. ಆರನೆಯ ಶತಮಾನದ ಈ ಪದವನ್ನು ಅರ್ಥ ಮಾಡಿಕೊಳ್ಳಲು ಇಂದಿನ ಕನ್ನಡಿಗರಿಗೆ ನಿಘಂಟು ಬೇಕಾಗಿಲ್ಲ.

ಎರಡನೆಯ ತಾಣವನ್ನು ಸೇರಲು ಗುಡ್ಡ ಇಳಿದು, ಊರಿನ ಓಣಿಗಳನ್ನು ದಾಟಿ, ಅಗಸ್ತ್ಯ ತೀರ್ಥವೆಂಬ ಕೆರೆಯ ಉತ್ತರ ದಂಡೆಗೆ ಬರಬೇಕು. ಅಲ್ಲಿರುವ ಪುರಾತತ್ವ ಇಲಾಖೆಯ ಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿಯ ಶಿಲ್ಪವಿದ್ದು, ಕಮಲವೇ ತಲೆಯಾದ ಆ ತಾಯಿಯೊಬ್ಬಳಿಗಾಗಿಯೇ ಒಳಗೆ ಹೋಗಬಹುದು, ಆದರೆ ಶುಕ್ರವಾರ ಅದು ಮುಚ್ಚಿರುತ್ತದೆಂಬುದನ್ನು ಮೊದಲೇ ತಿಳಿದಿರಬೇಕು. ಅಲ್ಲಿಂದ ದಂಡೆಗುಂಟ ಮೂಡಣಕ್ಕೆ ಸಾಗಿದರೆ ಭೂತನಾಥ ಗುಡಿ ಎದುರಾಗುತ್ತದೆ. ಪ್ರವಾಸಿಗರ ನಡಿಗೆ ಸಾಮಾನ್ಯವಾಗಿ ಅಲ್ಲಿಗೆ ಮುಗಿದು, ಕ್ಯಾಮೆರಾಗಳು ಕೆರೆಯತ್ತ ತಿರುಗುತ್ತವೆ. ಕೆರೆಯ ಈಶಾನ್ಯ ತುದಿಯನ್ನು ನೋಡುವ ಬಂಡೆಯ ಮುಖದಲ್ಲಿ, ಊರವರು ತಟ್ಟುಕೋಟೆ ಎನ್ನುವ ಕಡೆ, ಇರುವ ಹತ್ತು ಸಾಲುಗಳ ಬರಹವನ್ನು ಹುಡುಕಿಕೊಂಡು ಹೋಗುವವರು ವಿರಳ. ಕಪ್ಪೆ ಅರಭಟ್ಟನ ಶಾಸನವೆಂದು ಶಾಲೆಯ ಪುಸ್ತಕಗಳ ಮೂಲಕ ಎಲ್ಲರಿಗೂ ಹೆಸರು ಗೊತ್ತಿರುವ, ಕಣ್ಣಿಂದ ಕಂಡವರು ಮಾತ್ರ ಕಡಿಮೆಯಿರುವ ಬರಹ ಇದೇ.

ಸುಮಾರು ಮೂರೂಕಾಲು ಅಡಿ ಎತ್ತರ, ಮೂರಡಿಗಿಂತ ತುಸು ಕಡಿಮೆ ಅಗಲದ ಈ ಶಾಸನ ಮನೆಯ ಕಿಟಕಿಯೊಂದಕ್ಕಿಂತ ದೊಡ್ಡದಲ್ಲ. ಅದರ ಕೆಳಗೆ ಚೌಕಟ್ಟಿನೊಳಗೆ ಹತ್ತು ಎಸಳುಗಳ ಕಮಲವೊಂದನ್ನು ಕೊರೆಯಲಾಗಿದೆ. ಕಾಲವನ್ನು ಶಾಸನವೇ ಹೇಳುವುದಿಲ್ಲವಾದರೂ ಲಿಪಿಯ ಆಧಾರದಿಂದ ಅದನ್ನು ಕ್ರಿ.ಶ. 700ರ ಸುಮಾರಿನದೆಂದು ವಿದ್ವಾಂಸರು ಒಪ್ಪಿದ್ದಾರೆ. ಜೆ.ಎಫ್. ಫ್ಲೀಟ್ 1881ರಲ್ಲಿ ಅದನ್ನು ಓದಿ ಅಚ್ಚು ಮಾಡಿಸಿದ ಮೇಲೆ ಕನ್ನಡ ಛಂದಸ್ಸಿನ ಚರಿತ್ರೆ ಬರೆದವರಾರೂ ಅದನ್ನು ಬಿಟ್ಟು ಮುಂದೆ ಹೋಗಲಾಗಿಲ್ಲ. ಇದಕ್ಕೆ ಕಾರಣ ಅದರ ಐದು ಪದ್ಯಗಳಲ್ಲಿ ಕೊನೆಯ ಮೂರು. ಇವು ತ್ರಿಪದಿಗಳು, ಈವರೆಗೆ ದೊರೆತಿರುವ ಕನ್ನಡ ತ್ರಿಪದಿಗಳಲ್ಲಿ ಎಲ್ಲಕ್ಕಿಂತ ಹಳೆಯವು. ಕನ್ನಡದ ಮೊದಲ ಉಪಲಬ್ಧ ಗ್ರಂಥವಾದ ‘ಕವಿರಾಜಮಾರ್ಗ’ ಹುಟ್ಟುವುದಕ್ಕೆ ಇನ್ನೂ ನೂರೈವತ್ತು ವರ್ಷಗಳಷ್ಟು ಕಾಲವಿತ್ತು.

ತ್ರಿಪದಿಯೆಂದರೆ ಹೆಸರೇ ಹೇಳುವಂತೆ ಮೂರು ಸಾಲಿನ ಪದ್ಯ. ಅದರ ಅಳತೆ ಸಂಸ್ಕೃತ ವೃತ್ತಗಳಂತೆ ಅಕ್ಷರಗಳ ಎಣಿಕೆಯಿಂದಲ್ಲ, ಅಂಶಗಣಗಳಿಂದ, ಎಂದರೆ ಹಾಡುವ ಬಾಯಿ ಹಿಗ್ಗಿಸಿ ಕುಗ್ಗಿಸಬಹುದಾದ ಸಡಿಲ ಘಟಕಗಳಿಂದ ಆಗುತ್ತದೆ. ಒಟ್ಟು ಹನ್ನೊಂದು ಗಣಗಳು ನಾಲ್ಕು, ನಾಲ್ಕು, ಮೂರರಂತೆ ಹಂಚಿಕೊಂಡು, ಆರನೆಯ ಮತ್ತು ಹತ್ತನೆಯ ಗಣಗಳು ಬ್ರಹ್ಮಗಣವೆಂಬ ಚಿಕ್ಕ ಗಣಗಳಾಗಿದ್ದು, ಉಳಿದವು ವಿಷ್ಣುಗಣಗಳಾಗಿರುತ್ತವೆ. ಪುಸ್ತಕದಲ್ಲಿ ಓದಿದರೆ ಇದು ಒಣ ಲೆಕ್ಕದಂತೆ ಕಾಣುತ್ತದೆ. ಆದರೆ ಇದೇ ಜಿಲ್ಲೆಯ ಹಳ್ಳಿಗಳಲ್ಲಿ ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳು ತವರನ್ನೂ ತಾಯಿಯನ್ನೂ ನೆನೆದು ಹಾಡುತ್ತ ಬಂದ ಪದಗಳ ಮಟ್ಟು ಇದೇ. ಹಾಡುವಾಗ ಎರಡನೆಯ ಸಾಲು ಮರಳಿ ಬಂದು ಮೂರನೆಯದಕ್ಕೆ ಕೈಹಿಡಿದು ದಾಟಿಸುವ ಆ ತಿರುವು, ಬೀಸುಕಲ್ಲಿನ ಗೂಟ ಸುತ್ತು ಮುಗಿಸಿ ಮತ್ತೆ ಎದೆಯ ಹತ್ತಿರಕ್ಕೆ ಬರುವ ಚಲನೆಗೆ ಹೊಂದಿಕೊಂಡಿದೆ. ಸರ್ವಜ್ಞನಿಗೆ ಪ್ರಸಿದ್ಧಿ ತಂದ ಮಟ್ಟೂ ಇದೇ ಆಗಿದ್ದು, ಅವನಿಗಿಂತ ಎಷ್ಟೋ ಶತಮಾನಗಳ ಹಿಂದೆ ಯಾರೋ ಒಬ್ಬರು ಅದನ್ನು ಈ ಕಲ್ಲಿನಲ್ಲಿ ಕೊರೆಸಿದ್ದಾರೆ. ಬಂಡೆಯ ಮೇಲೆ ಕಾಣಿಸಿಕೊಂಡ ಹೊತ್ತಿಗೇ ತ್ರಿಪದಿ ಅಷ್ಟು ಪಳಗಿದ್ದಿತೆಂದರೆ, ಅದಕ್ಕೂ ಮೊದಲು ಅದು ಎಷ್ಟೋ ತಲೆಮಾರು ಬಾಯಿಂದ ಬಾಯಿಗೆ ದಾಟಿರಲೇಬೇಕು.

ಪದ್ಯಗಳ ಆಶಯವೂ ಅರಮನೆಯ ಪ್ರಶಸ್ತಿಗಳಿಂದ ದೂರವಿದೆ. ಒಳ್ಳೆಯವರಿಗೆ ಒಳ್ಳೆಯವನು, ಇನಿದಾಗಿ ನಡೆವವರಿಗೆ ಇನಿಯನು, ಕೆಣಕಿ ಕಾಡುವ ಕಲಿಗೆ ಮಾತ್ರ ವಿಪರೀತನು ಎಂದು ಒಬ್ಬ ವೀರನ ಸ್ವಭಾವವನ್ನು ಅವು ಚಿತ್ರಿಸುತ್ತವೆ. ಅವನನ್ನು ಕೆಣಕಿದವರ ಸ್ಥಿತಿಯನ್ನು, ಕಟ್ಟಿಹಾಕಿದ್ದ ಸಿಂಹವನ್ನು ತಮಗೇನು ಕೇಡೆಂದು ತಾವೇ ಬಿಚ್ಚಿಬಿಟ್ಟವರ ಸ್ಥಿತಿಗೆ ಹೋಲಿಸುತ್ತವೆ. ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ 634ರಲ್ಲಿ ಬರೆದ ಸಂಸ್ಕೃತ ಪ್ರಶಸ್ತಿಯು ಇಮ್ಮಡಿ ಪುಲಕೇಶಿಯು ಹರ್ಷನನ್ನು ತಡೆದ ಕಥೆಯನ್ನು ಹೇಳಿ, ಕವಿ ತನ್ನನ್ನು ಕಾಳಿದಾಸ ಭಾರವಿಯರ ಸಾಲಿನಲ್ಲಿ ನಿಲ್ಲಿಸಿಕೊಳ್ಳುವುದರೊಂದಿಗೆ ಮುಗಿಯುತ್ತದೆ, ಅದು ಮಹತ್ವದ ದಾಖಲೆ. ಬಾದಾಮಿಯ ಈ ಬಂಡೆಯಲ್ಲಿ ದಂಡಯಾತ್ರೆಯೂ ಇಲ್ಲ, ವಂಶಾವಳಿಯೂ ಇಲ್ಲ, ಕವಿಯ ಹೆಸರೂ ಇಲ್ಲ. ಒಬ್ಬ ಮನುಷ್ಯ ಹೇಗಿದ್ದನೆಂಬುದಷ್ಟೇ ಇದೆ. ಪುಲಕೇಶಿಯ ಕೀರ್ತಿಯನ್ನು ಇತಿಹಾಸ ನೂರು ಕಡೆಗಳಲ್ಲಿ ಕಾಪಾಡಿದೆ, ಕಪ್ಪೆ ಅರಭಟ್ಟನನ್ನು ಉಳಿಸಿದ್ದು ಈ ಒಂದು ಬಂಡೆ. ಆದುದರಿಂದ ಒಂದನ್ನು ಮಾತ್ರ ನೋಡಲು ಹೊತ್ತಿದ್ದರೆ ಮೇಗುತಿಯ ಪ್ರಶಸ್ತಿಗಿಂತ ಮೊದಲು ಇದನ್ನು ನೋಡಬೇಕೆನ್ನುವುದು ಅತಿಶಯವಲ್ಲ.

ಹೆಸರಿನಲ್ಲಿರುವ ಕಪ್ಪೆ ಎಂಬ ಮಾತನ್ನು ಹಿಡಿದು, ಕೆರೆಯ ದಂಡೆಯಲ್ಲಿ ಇರುವ ಶಾಸನವಾದ್ದರಿಂದ ನೀರಿನ ಕಪ್ಪೆಗೂ ಈ ವೀರನಿಗೂ ನಂಟು ಕಲ್ಪಿಸುವ ವಿವರಣೆಗಳು ಪ್ರವಾಸಿಗರ ಕಿವಿಗೆ ಬೀಳುವುದುಂಟು. ಶಾಸನದ ಪಠ್ಯದಲ್ಲಿ ಅಂಥ ಕಥೆಗೆ ಯಾವ ಆಧಾರವೂ ಇಲ್ಲದಿರುವುದರಿಂದ ಅವನ್ನು ಕೇಳಿ ಬಿಡುವುದೇ ಸರಿ.

ಬೆಳಿಗ್ಗೆ ಗುಹೆ, ಮಧ್ಯಾಹ್ನದ ನಂತರ ದಂಡೆ ಎಂಬ ಈ ಅನುಕ್ರಮಕ್ಕೆ ಬೆಳಕೂ ಒಂದು ಕಾರಣ. ಭೂತನಾಥ ಗುಡಿ ಕೆರೆಯ ಮೂಡಣ ತುದಿಯಲ್ಲಿ ಪಡುವಣಕ್ಕೆ ಮುಖಮಾಡಿ ನಿಂತಿರುವುದರಿಂದ ಇಳಿಬಿಸಿಲು ಅದರ ಮೇಲೆ ನೇರವಾಗಿ ಬಿದ್ದು, ಕಲ್ಲೂ ನೀರೂ ಒಂದೇ ಬಣ್ಣಕ್ಕೆ ತಿರುಗುತ್ತವೆ. ನಡುವಿನ ಊಟಕ್ಕೆ ಐದು ಕಿ.ಮೀ. ದೂರದ ಬನಶಂಕರಿಗೆ ಹೋಗಿ ಬರಬಹುದು. ಗುಡಿಯ ಹೊಂಡದ ಬಳಿ ಬುಟ್ಟಿ ಹೊತ್ತು ಬರುವ ಹೆಣ್ಣುಮಕ್ಕಳು ಬಡಿಸುವ ಜೋಳದ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು ಈ ಪ್ರದೇಶದ ಅಡುಗೆಯನ್ನು ಯಾವ ಹೋಟೆಲಿಗಿಂತಲೂ ಚೆನ್ನಾಗಿ ಪರಿಚಯಿಸುತ್ತವೆ.

ಇಷ್ಟಾದ ಮೇಲೂ ಎರಡು ಗಂಟೆ ಉಳಿದರೆ ಪಟ್ಟದಕಲ್ಲು, ಅಲ್ಲಿಯೂ ವಿರೂಪಾಕ್ಷ ಒಂದೇ ಸಾಕು. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ಈ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತಿದ್ದು, ಕಟ್ಟಿದ ಸೂತ್ರಧಾರಿ ಗುಂಡನ ಹೆಸರನ್ನೂ ಶಾಸನ ಗೌರವದಿಂದ ಉಳಿಸಿಕೊಂಡಿದೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಊರಿನ ಹಳೆಯ ಹೆಸರು ಕಿಸುವೊಳಲ್, ಎಂದರೆ ಕೆಂಪು ಪಟ್ಟಣ. ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸಲು ಹೆಸರಿಸುವ ನಾಲ್ಕು ಊರುಗಳಲ್ಲಿ ಇದೂ ಒಂದು. ಐಹೊಳೆಯನ್ನು ಮತ್ತೊಂದು ದಿನಕ್ಕೆ, ಹುನಗುಂದ ಇಳಕಲ್‌ಗಳೊಂದಿಗೆ ಸೇರಿಸಿ ಇಟ್ಟುಕೊಳ್ಳುವುದು ಲೇಸು. ಇಳಕಲ್ ಸೀರೆಯ ಹತ್ತಿಯ ಒಡಲಿನ ಹಾಸಿಗೂ ರೇಷ್ಮೆಯ ಸೆರಗಿನ ಹಾಸಿಗೂ ಎಳೆಯೆಳೆಯಾಗಿ ಕೊಂಡಿ ಹಾಕಿ ಜೋಡಿಸುವ ಕೆಲಸವನ್ನು ಬಸ್ಸು ಹೊರಡುವ ಮುಂಚಿನ ಕಾಲು ಗಂಟೆಯಲ್ಲಿ ನೋಡಲಾಗದು. ಮಗ್ಗದ ಪಕ್ಕದಲ್ಲಿ ಕುಳಿತು ನೋಡಬೇಕು.

ಪ್ರವಾಸದ ವೇಳಾಪಟ್ಟಿ ಸಿದ್ಧಪಡಿಸುವವರಲ್ಲಿ ಒಂದು ಕೋರಿಕೆ: ಬಾದಾಮಿಯ ಹಾಳೆಯಲ್ಲಿ ಗುಹೆಗಳ ಕೆಳಗೆ ಕಪ್ಪೆ ಅರಭಟ್ಟನ ಶಾಸನವೆಂಬ ಒಂದು ಸಾಲನ್ನು ಸೇರಿಸಿ, ಅದಕ್ಕೆ ಒಂದು ಗಂಟೆಯನ್ನು ಕೊಡಬೇಕು. ಬಂಡೆಯ ಮುಂದೆ ಆ ಮೂರು ತ್ರಿಪದಿಗಳನ್ನು ಗಟ್ಟಿಯಾಗಿ ಹಾಡಬಲ್ಲ ಸ್ಥಳೀಯರೊಬ್ಬರನ್ನೂ ಜೊತೆಗೆ ಕರೆತರಬೇಕು.